ಕರ್ತೃತ್ವ ಮತ್ತು ಸಾಮಾಜಿಕ ರಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಾಜಶಾಸ್ತ್ರ ಓದುವ ಬಿ.ಎ., ಎಂ.ಎ. ವಿದ್ಯಾರ್ಥಿಗಳು ಮತ್ತು ಹಳ್ಳಿಗಳಲ್ಲಿ ಸಂಘಸಂಸ್ಥೆಗಳ ಕೆಲಸ ಮಾಡುವವರು ಏಜೆನ್ಸಿ ಎಂಬ ಪರಿಕಲ್ಪನೆಯ ಬಗ್ಗೆ ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕನ್ನಡದಲ್ಲಿ ಕರ್ತೃತ್ವ ಎನ್ನುತ್ತೇವೆ, ಇಲ್ಲೂ ಅದನ್ನೇ ಬಳಸಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಬೇಕು ಅಂತೇನಿಲ್ಲ. ಆದರೆ ಗಿಡೆನ್ಸ್ ಬಗೆಗಿನ ಉತ್ತರ ಓದುವ ಮೊದಲು ರಚನೆಯ ಬಗೆಗಿನ ಉತ್ತರ ಓದಿದರೆ ಒಳ್ಳೆಯದು.

ಕರ್ತೃತ್ವ ಅಂದರೆ ಸರಳವಾಗಿ ಏನು?

ನಾವು ಏನೋ ಒಂದು ಮಾಡಿದ್ದರಿಂದ, ಅಥವಾ ಮಾಡದೆ ಬಿಟ್ಟಿದ್ದರಿಂದ, ಸುತ್ತಲಿನ ಪರಿಸ್ಥಿತಿಯಲ್ಲಿ ವ್ಯತ್ಯಾಸ ಆಗುತ್ತದಲ್ಲ, ಆ ಸಾಮರ್ಥ್ಯವೇ ಕರ್ತೃತ್ವ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಆಂಥನಿ ಗಿಡೆನ್ಸ್ ಇದಕ್ಕೊಂದು ಪರೀಕ್ಷೆ ಕೊಟ್ಟಿದ್ದಾರೆ: ಆ ಹೊತ್ತಿನಲ್ಲಿ ಆ ಮನುಷ್ಯ ಬೇರೆ ರೀತಿ ನಡೆದುಕೊಳ್ಳಬಹುದಿತ್ತಾ? ಹೌದು ಅಂತಾದರೆ ಅಲ್ಲಿ ಕರ್ತೃತ್ವ ಇದೆ.

ಇಲ್ಲಿ ಉದ್ದೇಶಕ್ಕಿಂತ ಸಾಮರ್ಥ್ಯ ಮುಖ್ಯ. ಒಂದು ಮಾಡಲು ಹೋಗಿ ಇನ್ನೊಂದು ಆದರೂ ಮಾಡಿದವರು ನಾವೇ. ಅಮೆರಿಕದ ರಾಬರ್ಟ್ ಮರ್ಟನ್ 1936ರಲ್ಲೇ, ಉದ್ದೇಶವಿಟ್ಟು ಮಾಡಿದ ಕೆಲಸಗಳು ಯಾರೂ ನಿರೀಕ್ಷಿಸದ ಪರಿಣಾಮ ತರುವುದರ ಬಗ್ಗೆ ಬರೆದಿದ್ದರು. ಸಮಾಜದಲ್ಲಿ ಆಗುವ ಬದಲಾವಣೆಗಳಲ್ಲಿ ಬಹಳಷ್ಟು ಈ ಬಗೆಯವು.

ಇದು ಸ್ವಂತ ಇಚ್ಛೆ ಅನ್ನೋದೇ ಅಲ್ವಾ? ಹೊಸದೇನಿದೆ?

ಹತ್ತಿರದ ವಿಷಯಗಳು, ಆದರೆ ಪ್ರಶ್ನೆ ಬೇರೆ. ಹಳ್ಳಿಯ ಒಬ್ಬ ಹುಡುಗಿ ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆ ಅಂತ ನಿರ್ಧಾರ ಮಾಡಿದಳು ಅಂದುಕೊಳ್ಳಿ. ಆ ನಿರ್ಧಾರ ನಿಜವಾಗಿ ಅವಳದೇನಾ, ಅಥವಾ ಎಲ್ಲ ಮೊದಲೇ ನಿಶ್ಚಯವಾಗಿತ್ತಾ ಅಂತ ಕೇಳುವುದು ತತ್ತ್ವಶಾಸ್ತ್ರ.

ಸಮಾಜಶಾಸ್ತ್ರದ ಪ್ರಶ್ನೆಗಳು ನೆಲದ ಮೇಲಿನವು. ನರ್ಸಿಂಗ್ ಅನ್ನೋದು ಅವಳ ಕಣ್ಣಿಗೆ ಬಿದ್ದದ್ದು ಹೇಗೆ? ಫೀಸು ಯಾರು ಕಟ್ಟುತ್ತಾರೆ? ಹಾಸ್ಟೆಲ್ ಸಿಕ್ಕಿತಾ? ಮನೆಯಲ್ಲಿ ಬೇಡ ಅಂದವರು ಯಾರು, ಅವರನ್ನು ಒಪ್ಪಿಸಲು ಅವಳು ಯಾವ ಮಾತು ಬಳಸಿದಳು, ಯಾರನ್ನು ಮಧ್ಯೆ ಕರೆದಳು? ಅವಳದೇ ವಯಸ್ಸಿನ ಪಕ್ಕದ ಕೇರಿಯ ಹುಡುಗಿಗೆ ಇದೇ ದಾರಿ ಯಾಕೆ ತೆರೆಯಲಿಲ್ಲ? ಕರ್ತೃತ್ವದ ಚರ್ಚೆ ಇರುವುದು ಈ ವಿವರಗಳಲ್ಲಿ.

ಹಾಗಾದರೆ ರಚನೆ ಅಂದರೆ? ಅದು ಕಣ್ಣಿಗೆ ಕಾಣುತ್ತಾ?

ಕಾಣುವುದಿಲ್ಲ, ಆದರೆ ತಡೆದಾಗ ಗೊತ್ತಾಗುತ್ತದೆ. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1895ರಲ್ಲಿ ಹೇಳಿದ್ದು ಇದನ್ನೇ. ಸಾಮಾಜಿಕ ಸಂಗತಿಗಳು ನಮ್ಮ ಹೊರಗಿರುತ್ತವೆ, ನಾವು ಹುಟ್ಟುವ ಮೊದಲೇ ಇರುತ್ತವೆ, ನಮ್ಮ ಮೇಲೆ ಒತ್ತಾಯ ಹೇರುತ್ತವೆ. ಎರಡು ವರ್ಷದ ನಂತರ ಅವರು ಆತ್ಮಹತ್ಯೆಯ ಅಂಕಿಅಂಶಗಳನ್ನು ಅಧ್ಯಯನ ಮಾಡಿದರು. ಅದಕ್ಕಿಂತ ವೈಯಕ್ತಿಕವಾದ ಕೃತ್ಯ ಬೇರೊಂದಿಲ್ಲ ಅಂತ ನಮಗೆ ಅನ್ನಿಸುತ್ತದೆ. ಆದರೆ ಒಂದೊಂದು ಸಮಾಜದಲ್ಲಿ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಮತ್ತು ಒಂಟಿಯಾಗಿರುವವರಿಗೂ ಸಂಸಾರಸ್ಥರಿಗೂ, ಒಂದು ಪಂಥಕ್ಕೂ ಇನ್ನೊಂದಕ್ಕೂ ಬೇರೆ ಬೇರೆ ಇರುತ್ತದೆ ಎಂದು ತೋರಿಸಿದರು.

ನಮ್ಮೂರ ಕಡೆಯ ಮದುವೆ ಮನೆಯನ್ನೇ ನೋಡಿ. ಬಾಗಿಲ ಹತ್ತಿರ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಬಂದವರ ಹೆಸರು, ಊರು, ಮುಯ್ಯಿ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಮುಯ್ಯಿ ಮಾಡಬೇಕು. ಮಾಡದಿದ್ದರೆ ಪೊಲೀಸರೇನೂ ಬರುವುದಿಲ್ಲ. ಆದರೂ ಕೈಯಲ್ಲಿ ಕಾಸಿಲ್ಲದವರು ಸಾಲ ಮಾಡಿಯಾದರೂ ಮುಯ್ಯಿ ಹಾಕುತ್ತಾರೆ. ಈ ನಿಯಮ ಮಾಡಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ರಚನೆ ಅಂದರೆ ಇಂಥದ್ದು.

ಮಾರ್ಕ್ಸ್ ಮನುಷ್ಯನಿಗೆ ಕರ್ತೃತ್ವ ಇಲ್ಲ ಅಂದರಾ?

ಇಲ್ಲ. 1851ರ ಡಿಸೆಂಬರಿನಲ್ಲಿ ಲೂಯಿ ಬೋನಪಾರ್ಟ್ ಫ್ರಾನ್ಸಿನಲ್ಲಿ ಅಧಿಕಾರ ಕಿತ್ತುಕೊಂಡ. ಅದರ ಬಗ್ಗೆ 1852ರಲ್ಲಿ ಮಾರ್ಕ್ಸ್ ಬರೆದ ಮಾತನ್ನು ಈ ಚರ್ಚೆಯಲ್ಲಿ ಎಲ್ಲರೂ ನೆನೆಯುತ್ತಾರೆ: ಮನುಷ್ಯರು ತಮ್ಮ ಚರಿತ್ರೆಯನ್ನು ತಾವೇ ಮಾಡುತ್ತಾರೆ, ಆದರೆ ತಮಗೆ ಬೇಕಾದ ಹಾಗೆ ಅಲ್ಲ. ತಾವು ಆರಿಸಿಕೊಳ್ಳದ, ಹಿಂದಿನವರು ಬಿಟ್ಟುಹೋದ ಪರಿಸ್ಥಿತಿಯಲ್ಲಿ ಮಾಡುತ್ತಾರೆ.

ಮುಂದೆ ಅವರ ಅನುಯಾಯಿಗಳಲ್ಲೇ ಜಗಳ ಹತ್ತಿತು. ಫ್ರಾನ್ಸಿನ ಲೂಯಿ ಅಲ್ತುಸರ್‌ಗೆ ರಚನೆಯೇ ಎಲ್ಲ, ಜನ ಅದನ್ನು ಹೊತ್ತು ನಡೆಯುವವರು. ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಂಪ್ಸನ್‌ಗೆ ಇದನ್ನು ಕಂಡರೆ ಸಿಟ್ಟು. ಕಾರ್ಮಿಕ ವರ್ಗವನ್ನು ಕಾರ್ಖಾನೆಗಳು ಹೆತ್ತಿದ್ದಲ್ಲ, ಆ ವರ್ಗ ತನ್ನ ಹುಟ್ಟಿನಲ್ಲಿ ತಾನೇ ಪಾಲುಗೊಂಡಿತ್ತು ಎಂದು 1963ರಲ್ಲೇ ಅವರು ಬರೆದಿದ್ದರು. ಭಾರತದಲ್ಲಿ ರಣಜಿತ್ ಗುಹಾ ರೈತ ಬಂಡಾಯಗಳನ್ನು ಇದೇ ಕಣ್ಣಿನಿಂದ ನೋಡಿದರು. ಬರಗಾಲ ಬಂತು, ಜನ ಸಿಡಿದೆದ್ದರು ಅಂತ ಬರೆದು ಮುಗಿಸಬೇಡಿ, ಆ ರೈತರಿಗೂ ಯೋಚನೆ ಇತ್ತು, ಲೆಕ್ಕಾಚಾರ ಇತ್ತು ಅನ್ನೋದು ಅವರ ವಾದ.

ವೇಬರ್, ಪಾರ್ಸನ್ಸ್ ಇವರೆಲ್ಲ ಎಲ್ಲಿ ಬರುತ್ತಾರೆ?

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ಗೆ ಸಮಾಜಶಾಸ್ತ್ರದ ಮೊದಲ ಕೆಲಸವೇ, ಮಾಡುವವರು ತಮ್ಮ ಕೆಲಸಕ್ಕೆ ಕೊಟ್ಟುಕೊಂಡ ಅರ್ಥವನ್ನು ತಿಳಿಯುವುದು. ಅಮೆರಿಕದ ಟಾಲ್ಕಟ್ ಪಾರ್ಸನ್ಸ್ 1937ರಲ್ಲಿ ಮನುಷ್ಯನ ಕ್ರಿಯೆಯಿಂದಲೇ ಶುರು ಮಾಡಿದರು. ಆದರೆ ಕೊನೆಗೆ ಅವರ ಸಿದ್ಧಾಂತದಲ್ಲಿ ಸಮಾಜದ ಮೌಲ್ಯಗಳು ಮಗುವಿನ ಒಳಗೆ ಇಳಿದು, ಅದು ದೊಡ್ಡವನಾದ ಮೇಲೆ ಹೇಳಿದ ಹಾಗೆ ನಡೆಯುವಂತಾಯಿತು. 1961ರಲ್ಲಿ ಡೆನಿಸ್ ರಾಂಗ್ ಇದನ್ನು ಅತಿಯಾಗಿ ಸಾಮಾಜಿಕಗೊಂಡ ಮನುಷ್ಯನ ಚಿತ್ರ ಎಂದು ಕರೆದರು. 1967ರಲ್ಲಿ ಹೆರಾಲ್ಡ್ ಗಾರ್ಫಿಂಕೆಲ್ ಇನ್ನೂ ಖಾರವಾಗಿ, ಸಮಾಜಶಾಸ್ತ್ರಜ್ಞರು ಜನರನ್ನು ಸಂಸ್ಕೃತಿಯ ಪೆದ್ದರನ್ನಾಗಿ ಮಾಡಿಬಿಟ್ಟಿದ್ದಾರೆ ಎಂದರು. ಜನರಿಗೆ ತಾವೇನು ಮಾಡುತ್ತಿದ್ದೇವೆ ಅಂತ ಚೆನ್ನಾಗಿ ಗೊತ್ತಿರುತ್ತದೆ ಅನ್ನೋದು ಅಲ್ಲಿಂದ ಮುಂದಿನ ಚರ್ಚೆಗೆಲ್ಲ ತಳಪಾಯ.

ಗಿಡೆನ್ಸ್ ಹೇಳುವ ರಚನೆಯ ಇಬ್ಬಗೆ ಎಷ್ಟು ಓದಿದರೂ ಅರ್ಥವಾಗುವುದಿಲ್ಲ. ಬಿಡಿಸಿ ಹೇಳಿ.

ಮುಯ್ಯಿಯ ಪುಸ್ತಕಕ್ಕೇ ಹೋಗೋಣ. ನಾವು ಮುಯ್ಯಿ ಮಾಡುವುದು ಆ ಪದ್ಧತಿ ಇದೆ ಅಂತ. ಆ ಪದ್ಧತಿ ಇರುವುದು ನಾವೆಲ್ಲ ಮುಯ್ಯಿ ಮಾಡುತ್ತೇವೆ ಅಂತ. ಯಾರೂ ಮಾಡದಿದ್ದರೆ ಒಂದೆರಡು ತಲೆಮಾರಿನಲ್ಲಿ ಅದು ಇಲ್ಲವಾಗುತ್ತದೆ. ರಚನೆ ನಮ್ಮ ಕೆಲಸಕ್ಕೆ ದಾರಿಯೂ ಹೌದು, ನಮ್ಮ ಕೆಲಸದ ಫಲವೂ ಹೌದು. ಇದನ್ನೇ ಗಿಡೆನ್ಸ್ ರಚನೆಯ ಇಬ್ಬಗೆ ಎಂದು ಕರೆದದ್ದು. 1984ರ ಹೊತ್ತಿಗೆ ಈ ಸಿದ್ಧಾಂತ ಪೂರ್ತಿ ರೂಪ ಪಡೆಯಿತು.

ಅವರ ಇನ್ನೊಂದು ಮಾತು ಇಷ್ಟೇ ಮುಖ್ಯ: ರಚನೆ ಅಂದರೆ ನಿಯಮಗಳು ಮತ್ತು ಸಂಪನ್ಮೂಲಗಳು, ಎರಡೂ. ಈಚೆಗೆ ಎಷ್ಟೋ ಲಗ್ನಪತ್ರಿಕೆಗಳಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚು ಹಾಕಿಸುತ್ತಾರೆ, ನೋಡಿರಬಹುದು. ಒಂದೇ ಸಾಲಿನಿಂದ ಹಳೇ ನಿಯಮವನ್ನು ಪಕ್ಕಕ್ಕೆ ಸರಿಸಿದ ಹಾಗಾಯಿತು. ಇದು ಕರ್ತೃತ್ವವೇ. ಆದರೆ ಆ ಸಾಲು ಅಚ್ಚು ಹಾಕಿಸುವ ಧೈರ್ಯ ಯಾರಿಗಿರುತ್ತದೆ? ಶಾಮಿಯಾನದವರಿಗೆ, ಅಡುಗೆಯವರಿಗೆ ಮುಯ್ಯಿಯ ದುಡ್ಡಿನಿಂದಲೇ ಬಾಕಿ ಕೊಡಬೇಕು ಅಂತಿರುವ ಮನೆಯವರಿಗೆ ಅದು ಆಗುವುದಿಲ್ಲ. ಹತ್ತಾರು ವರ್ಷ ಬೇರೆಯವರ ಮದುವೆಗೆ ಮುಯ್ಯಿ ಹಾಕುತ್ತಾ ಬಂದವರಿಗೆ ಈಗ ಅದು ವಾಪಸ್ ಬರಬೇಕಾದ ಹೊತ್ತು. ನಿಯಮ ಎಲ್ಲರಿಗೂ ಒಂದೇ, ಅದನ್ನು ಮುರಿಯುವ ಸಾಮರ್ಥ್ಯ ಮಾತ್ರ ಒಂದೇ ಅಲ್ಲ. ಕರ್ತೃತ್ವದ ಬಗ್ಗೆ ಯಾರು ಏನೇ ಬರೆಯಲಿ, ಅವರು ಸಂಪನ್ಮೂಲದ ಮಾತು ಎತ್ತಿದ್ದಾರಾ ಅಂತ ನಾನು ಮೊದಲು ಹುಡುಕುತ್ತೇನೆ.

ಬೂರ್ದ್ಯೂ ಪ್ರಕಾರ ನಾವು ಅಭ್ಯಾಸದ ಗುಲಾಮರಾ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ ಬಗ್ಗೆ ಈ ದೂರು ಹಳೆಯದು. ಹ್ಯಾಬಿಟಸ್ ಅನ್ನೋದು ಅವರ ಮುಖ್ಯ ಪರಿಕಲ್ಪನೆ. ಬೆಳೆದ ಮನೆ, ಮಾಡಿದ ಕೆಲಸ, ವರ್ಗ ಇವೆಲ್ಲ ನಮ್ಮ ಮೈಯಲ್ಲೇ ಕೂತುಬಿಡುತ್ತವೆ. ಹೇಗೆ ನಡೆಯುತ್ತೇವೆ, ಯಾವುದಕ್ಕೆ ನಾಚುತ್ತೇವೆ, ಯಾವುದನ್ನು "ನಮ್ಮಂಥವರಿಗಲ್ಲ" ಅಂತ ಬಿಡುತ್ತೇವೆ, ಎಲ್ಲಾ. ಸಿದ್ಧಾಂತವಾಗಿ ಹೇಳಿದರೆ ಒಣಗಿದ ಮಾತು. ಅವರ ಒಂದು ಹಳೇ ಅಧ್ಯಯನ ನೋಡಿದರೆ ಎದೆಗೆ ತಟ್ಟುತ್ತದೆ.

ಬೂರ್ದ್ಯೂ ಹುಟ್ಟಿದ್ದು ನೈಋತ್ಯ ಫ್ರಾನ್ಸಿನ ಬೆಯಾರ್ನ್ ಎಂಬ ರೈತಾಪಿ ಸೀಮೆಯಲ್ಲಿ. ಅಲ್ಲಿನ ಒಂದು ಹಳ್ಳಿಯಲ್ಲಿ ಮದುವೆಯಾಗದೆ ಉಳಿದ ಗಂಡಸರ ಬಗ್ಗೆ 1962ರಲ್ಲಿ ಅವರು ದೀರ್ಘ ಲೇಖನ ಬರೆದರು. ಕ್ರಿಸ್‌ಮಸ್ ಹೊತ್ತಿನ ಒಂದು ನೃತ್ಯಕೂಟ. ಪೇಟೆಯ ಗಾಳಿ ಸೋಕಿದ ಹುಡುಗ ಹುಡುಗಿಯರು ನಡುವೆ ಕುಣಿಯುತ್ತಿದ್ದಾರೆ. ಅಂಚಿನಲ್ಲಿ ಮೂವತ್ತು ದಾಟಿದ ಗಂಡಸರ ಗುಂಪೊಂದು ನಿಂತಿದೆ. ತಲೆ ಮೇಲೆ ಬೆರೆ ಎಂಬ ಚಪ್ಪಟೆ ಟೋಪಿ, ಹಳೇ ಮಾದರಿಯ ಕಪ್ಪು ಸೂಟು. ನೋಡುತ್ತಾರೆ, ಕುಣಿಯುವುದಿಲ್ಲ. ಇವರಲ್ಲಿ ಅನೇಕರು ಜಮೀನಿನ ವಾರಸುದಾರರಾದ ಹಿರಿಮಕ್ಕಳು. ಹಿಂದಿನ ಕಾಲದಲ್ಲಾಗಿದ್ದರೆ ಹೆಣ್ಣು ಕೊಡಲು ಜನ ಹುಡುಕಿಕೊಂಡು ಬರುತ್ತಿದ್ದದ್ದು ಇವರನ್ನೇ. ಈಗ ಪೇಟೆಯ ಬದುಕನ್ನು ನೋಡಿದ ಹುಡುಗಿಯರು ಪೇಟೆಯ ಕಣ್ಣಿನಿಂದಲೇ ಇವರನ್ನು ಅಳೆಯುತ್ತಿದ್ದಾರೆ. ಹೊಲದಲ್ಲಿ ದುಡಿದ ಮೈ, ಭಾರವಾದ ನಡಿಗೆ, ಮಾತಾಡಲು ಸಂಕೋಚ. ಈ ಗಂಡಸರೂ ತಮ್ಮ ಮೈಯನ್ನು ಅದೇ ಕಣ್ಣಿನಿಂದ ನೋಡಿಕೊಂಡು ಇನ್ನಷ್ಟು ಕುಗ್ಗುತ್ತಾರೆ. ಯಾರೂ ಅವರನ್ನು ತಡೆದಿಲ್ಲ. ಆದರೂ ಅಂಚು ಬಿಟ್ಟು ನಡುವಿಗೆ ಬರಲು ಅವರಿಗೆ ಆಗುವುದಿಲ್ಲ.

ಇದನ್ನು ಓದುವಾಗ ಮಂಡ್ಯ ನೆನಪಾಗದೆ ಇರುವುದಿಲ್ಲ. 2023ರ ಫೆಬ್ರುವರಿಯಲ್ಲಿ ಆ ಜಿಲ್ಲೆಯಿಂದ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅಲ್ಲಿನ ಕಾರಣಗಳೂ ಇಲ್ಲಿನ ಕಾರಣಗಳೂ ಪೂರ್ತಿ ಒಂದೇ ಅಲ್ಲ. ಹೆಣ್ಣು ಭ್ರೂಣ ಹತ್ಯೆಯ ಇತಿಹಾಸ ನಮ್ಮಲ್ಲಿದೆ, ಬೆಯಾರ್ನ್‌ನಲ್ಲಿ ಆ ಮಾತಿಲ್ಲ. ಆದರೆ ಬೆಯಾರ್ನ್‌ನ ಆ ಗಂಡಸರು ಗುಂಪಿನಲ್ಲಿದ್ದರೂ ಒಬ್ಬೊಬ್ಬರೂ ತಮ್ಮ ತಮ್ಮ ನಾಚಿಕೆಯಲ್ಲೇ ನಿಂತಿದ್ದರು. ಮಂಡ್ಯದವರು ಒಟ್ಟಾಗಿ ರಸ್ತೆಗಿಳಿದರು, ಸುದ್ದಿಯಾದರು. ಇಲ್ಲಿ ಇನ್ನೊಂದು ಬದಿಯನ್ನೂ ನೋಡಬೇಕು. ಹೊಲದ ಮನೆಗೆ ಬೇಡ ಅಂದ ಹುಡುಗಿಯರದ್ದೂ ಕರ್ತೃತ್ವವೇ, ಅಮ್ಮಂದಿರ ಬದುಕು ನೋಡಿ ಅವರು ಮಾಡಿದ ತೀರ್ಮಾನ ಅದು. ಒಬ್ಬರ ಕರ್ತೃತ್ವ ಇನ್ನೊಬ್ಬರಿಗೆ ಗೋಡೆಯಾಗಬಹುದು.

ಈಗ ಪ್ರಶ್ನೆಗೆ ಬಂದರೆ, ಬೂರ್ದ್ಯೂ ಗುಲಾಮಗಿರಿ ಅನ್ನಲಿಲ್ಲ. ಕಲಿತ ಆಟದೊಳಗೆ ಜನ ಜಾಣತನದಿಂದ ಆಡುತ್ತಾರೆ, ಹೊಸ ಪಟ್ಟು ಹಾಕುತ್ತಾರೆ ಎಂದರು. ಆದರೆ ಆಟವೇ ಬದಲಾದಾಗ ಮೈ ಹಿಂದೆ ಬೀಳುತ್ತದೆ. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಇದೇ.

ಮಾರ್ಗರೆಟ್ ಆರ್ಚರ್ ಗಿಡೆನ್ಸ್‌ರನ್ನು ಯಾಕೆ ಒಪ್ಪಲಿಲ್ಲ?

ರಚನೆಯೂ ಕರ್ತೃತ್ವವೂ ಒಂದೇ ನಾಣ್ಯದ ಎರಡು ಮುಖ ಅಂದುಬಿಟ್ಟರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡುವುದೇ ಆಗುವುದಿಲ್ಲ ಅನ್ನೋದು ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆರ್ಚರ್ ತಕರಾರು. ಅವರ ಪ್ರಕಾರ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲು ರಚನೆ ಇರುತ್ತದೆ, ಜನ ಅದರೊಳಗೆ ನಡೆದುಕೊಳ್ಳುತ್ತಾರೆ, ಆಮೇಲೆ ರಚನೆ ಉಳಿಯುತ್ತದೆ ಅಥವಾ ಬದಲಾಗುತ್ತದೆ. ಅವರು ಕೊಟ್ಟ ಉದಾಹರಣೆ ಕ್ಯೂಬಾದ ಸಾಕ್ಷರತೆ. ಒಂದು ಸರ್ಕಾರ ಎಲ್ಲರಿಗೂ ಓದು ಕಲಿಸಲು ಹೊರಟಿತು ಅಂದುಕೊಳ್ಳಿ. ಎಷ್ಟು ಬೇಗ ಆಗುತ್ತದೆ ಅನ್ನೋದು, ಹಿಂದಿನ ತಲೆಮಾರು ಎಷ್ಟು ಜನ ಓದು ಬಂದವರನ್ನು ಬಿಟ್ಟುಹೋಗಿದೆ ಎಂಬುದರ ಮೇಲೆ ನಿಲ್ಲುತ್ತದೆ. ಇವತ್ತಿನವರು ಎಷ್ಟೇ ಹುರುಪಿನಿಂದ ದುಡಿದರೂ ಆ ಆರಂಭದ ಸ್ಥಿತಿ ಅವರು ಮಾಡಿದ್ದಲ್ಲ.

ಆರ್ಚರ್ ಅವರ ಇನ್ನೊಂದು ವಿಚಾರ ನನಗೆ ತುಂಬಾ ಇಷ್ಟ. ನಾವು ದಿನವಿಡೀ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತೇವಲ್ಲ, "ಈ ಕೆಲಸ ಬಿಡಲಾ, ಬಿಟ್ಟರೆ ಮನೆ ಬಾಡಿಗೆಗೆ ಏನು ಮಾಡೋದು, ಅಪ್ಪನಿಗೆ ಏನು ಹೇಳೋದು" ಅಂತ. ರಚನೆ ನಮ್ಮನ್ನು ಮುಟ್ಟುವುದು ಈ ಒಳಮಾತಿನ ಮೂಲಕ ಎಂದು ಅವರು 2003ರಲ್ಲಿ ವಾದಿಸಿದರು. ಕೆಲವರು ತಮ್ಮ ಯೋಚನೆಯನ್ನು ಹತ್ತಿರದವರೊಂದಿಗೆ ಹೇಳಿಕೊಂಡೇ ಮುಗಿಸುತ್ತಾರೆ. ಕೆಲವರು ತಾವೊಬ್ಬರೇ ತೀರ್ಮಾನಿಸಿ ಮುನ್ನಡೆಯುತ್ತಾರೆ. ಕೆಲವರು ತಮ್ಮ ಯೋಚನೆಯನ್ನೇ ಮತ್ತೆ ಮತ್ತೆ ಪ್ರಶ್ನಿಸುತ್ತಾರೆ. ಇನ್ನು ಕೆಲವರಿಗೆ ಒಳಮಾತು ಕಳವಳವನ್ನಷ್ಟೇ ಹೆಚ್ಚಿಸುತ್ತದೆ, ದಾರಿ ತೋರುವುದಿಲ್ಲ.

ಕರ್ತೃತ್ವ ಅಂದರೆ ಪ್ರತಿಭಟನೆನಾ?

ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ತಿಳಿವಳಿಕೆ ಇದು. ತಿರುಗಿಬಿದ್ದವರಿಗೆ ಮಾತ್ರ ಕರ್ತೃತ್ವ, ಸುಮ್ನಿದ್ದವರಿಗೆ ಇಲ್ಲ ಅಂತ ಬರೆದ ಪ್ರಬಂಧಗಳನ್ನು ಎಷ್ಟೋ ಓದಿದ್ದೇನೆ.

ಅಮೆರಿಕದ ವಿದ್ವಾಂಸ ಜೇಮ್ಸ್ ಸ್ಕಾಟ್ 1970ರ ದಶಕದ ಕೊನೆಯಲ್ಲಿ ಮಲೇಷ್ಯಾದ ಕೆಡಾ ಪ್ರಾಂತ್ಯದ ಒಂದು ಭತ್ತದ ಹಳ್ಳಿಯಲ್ಲಿದ್ದರು. ಕೊಯ್ಲಿನ ಯಂತ್ರ ಬಂದು ಬಡವರ ಕೂಲಿ ಹೋಗಿತ್ತು. ದಂಗೆ ಏಳಲಿಲ್ಲ. ಬದಲಿಗೆ ಕೆಲಸ ನಿಧಾನ ಮಾಡುವುದು, ಗೊತ್ತಿಲ್ಲದವರ ಹಾಗೆ ನಟಿಸುವುದು, ಒಂದಿಷ್ಟು ಭತ್ತ ಮಾಯವಾಗುವುದು, ಜಿಪುಣ ಸಾಹುಕಾರನ ಬಗ್ಗೆ ಹಿಂದೆ ಆಡಿಕೊಳ್ಳುವುದು. ಯಂತ್ರ ತಂದವರ ಗದ್ದೆಗೆ ನಾಟಿಗೆ ಬರುವುದಿಲ್ಲ ಎಂದು ಹೆಂಗಸರ ಗುಂಪುಗಳು ಜಗ್ಗಾಡಿದ್ದೂ ಇತ್ತು.

ಡೆನಿಜ್ ಕಾಂಡಿಯೋಟಿ 1988ರಲ್ಲಿ ಪಿತೃಪ್ರಾಧಾನ್ಯದ ಜೊತೆ ಹೆಂಗಸರು ನಡೆಸುವ ಚೌಕಾಶಿಯ ಬಗ್ಗೆ ಬರೆದರು. ಸೊಸೆ ಎಲ್ಲ ಸಹಿಸಿಕೊಂಡು ಇರುತ್ತಾಳೆ, ಮುಂದೊಂದು ದಿನ ಮಗ ದೊಡ್ಡವನಾಗಿ ತಾನೇ ಅತ್ತೆಯಾಗುತ್ತೇನೆ ಎಂಬ ಲೆಕ್ಕದ ಮೇಲೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎನ್ನುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೌಕಾಶಿ ಅನ್ಯಾಯದ್ದೇ, ಆದರೆ ಅದರೊಳಗೆ ಲೆಕ್ಕ ಹಾಕುತ್ತಿರುವವಳು ದಡ್ಡಿಯಲ್ಲ.

ಮಾನವಶಾಸ್ತ್ರಜ್ಞೆ ಸಬಾ ಮಹಮೂದ್ ಇನ್ನೂ ಮುಂದೆ ಹೋದರು. ಕೈರೋದ ಮಸೀದಿಗಳಲ್ಲಿ ಧರ್ಮಪಾಠಕ್ಕೆ ಸೇರುತ್ತಿದ್ದ ಹೆಂಗಸರು ಲಜ್ಜೆ, ಭಕ್ತಿ, ತಾಳ್ಮೆ ಇವನ್ನು ಪ್ರಯತ್ನಪಟ್ಟು ರೂಢಿಸಿಕೊಳ್ಳುತ್ತಿದ್ದರು. ಕಟ್ಟಳೆಯನ್ನು ಮುರಿಯುವುದಕ್ಕೆ ಬೇಕಾದಷ್ಟೇ ಶ್ರಮ, ಛಲ ಕಟ್ಟಳೆಯನ್ನು ತನ್ನದಾಗಿಸಿಕೊಳ್ಳಲೂ ಬೇಕಾಗಬಹುದು ಎಂದು 2005ರಲ್ಲಿ ಅವರು ವಾದಿಸಿದರು. ಇದನ್ನು ಒಪ್ಪದ ಸ್ತ್ರೀವಾದಿಗಳು ಬಹಳ. ಎಲ್ಲವನ್ನೂ ಕರ್ತೃತ್ವ ಅಂದರೆ ದಬ್ಬಾಳಿಕೆಯನ್ನು ಹೆಸರಿಸುವುದೇ ಕಷ್ಟವಾಗುತ್ತದೆ ಎಂಬ ಅವರ ಆತಂಕದಲ್ಲಿ ಹುರುಳಿದೆ.

ಕರ್ತೃತ್ವ ಬಳಸಿಯೇ ಜನ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಪಾಲ್ ವಿಲಿಸ್ 1970ರ ದಶಕದಲ್ಲಿ ಇಂಗ್ಲೆಂಡಿನ ಒಂದು ಕೈಗಾರಿಕಾ ಪಟ್ಟಣದ ಹನ್ನೆರಡು ಕಾರ್ಮಿಕರ ಮನೆಯ ಹುಡುಗರ ಜೊತೆ ಓಡಾಡಿದರು. ಈ ಹುಡುಗರು ಶಾಲೆಯಲ್ಲಿ ಪಾಠ ಕೇಳುವವರನ್ನು ಗೇಲಿ ಮಾಡುತ್ತಿದ್ದರು, ಕ್ಲಾಸು ತಪ್ಪಿಸುತ್ತಿದ್ದರು, ಮೇಷ್ಟ್ರಿಗೆ ಸೊಪ್ಪು ಹಾಕುತ್ತಿರಲಿಲ್ಲ. ವಿಲಿಸ್ ಹೇಳುವುದೇನೆಂದರೆ, ಅವರು ಒಂದು ಸತ್ಯವನ್ನು ಸರಿಯಾಗಿಯೇ ಹಿಡಿದಿದ್ದರು. ಸರ್ಟಿಫಿಕೇಟು ಪಡೆದರೆ ಮೇಲೆ ಬರುತ್ತೀರಿ ಎಂದು ಶಾಲೆ ಹೇಳುವುದು ಒಬ್ಬಿಬ್ಬರಿಗೆ ನಿಜ, ಇಡೀ ವರ್ಗಕ್ಕಲ್ಲ. ಆದರೆ ಅದರ ಜೊತೆಗೇ ಅವರು ಓದು ಹೆಣ್ಣಿಗರ ಕೆಲಸ, ಮೈಮುರಿದು ದುಡಿಯುವುದೇ ಗಂಡಸುತನ ಅಂತಲೂ ನಂಬಿದ್ದರು. ಕೊನೆಗೆ ಯಾರೂ ತಳ್ಳದೆ, ತಾವೇ ಖುಷಿಯಿಂದ ಕಾರ್ಖಾನೆಗೆ ಸೇರಿದರು. ಅಪ್ಪಂದಿರು ಇದ್ದ ಜಾಗಕ್ಕೇ.

ವರ್ಗ ವ್ಯವಸ್ಥೆ ಮುಂದುವರಿದದ್ದು ಅವರ ಬಂಡಾಯದ ಮೂಲಕವೇ. ತರಗತಿಯ ಹಿಂದಿನ ಬೆಂಚಿನ ಹುಡುಗರನ್ನು ನೋಡುವ ಮೇಷ್ಟ್ರುಗಳಿಗೆಲ್ಲ ನಾನು ಈ ಅಧ್ಯಯನದ ಬಗ್ಗೆ ಹೇಳುತ್ತಿರುತ್ತೇನೆ.

ಎಂ.ಎನ್. ಶ್ರೀನಿವಾಸ್ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಶ್ರೀನಿವಾಸ್, 1952ರಲ್ಲಿ ಕೊಡವರ ಬಗೆಗಿನ ಅಧ್ಯಯನದಲ್ಲಿ ಸಂಸ್ಕೃತೀಕರಣದ ವಿಚಾರ ಮುಂದಿಟ್ಟರು. ಒಂದು ಜಾತಿ ಮಾಂಸ, ಹೆಂಡ ಬಿಟ್ಟು, ಮೇಲಿನವರ ಆಚರಣೆಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುತ್ತದೆ. ಜಾತಿ ಅಂದರೆ ಅಲ್ಲಾಡದ ಬಂಡೆ ಅಂದುಕೊಂಡಿದ್ದವರಿಗೆ ಇದು ಹೊಸ ಮಾತು. ಕೆಳಗಿನವರು ಸುಮ್ನೆ ಕೂತಿರಲಿಲ್ಲ.

ಆದರೆ ಶ್ರೀನಿವಾಸ್ ತಾವೇ ಒಂದು ಮಿತಿ ಹೇಳಿದ್ದಾರೆ: ಇದರಿಂದ ಸ್ಥಾನ ಬದಲಾಗುತ್ತದೆ, ವ್ಯವಸ್ಥೆ ಬದಲಾಗುವುದಿಲ್ಲ. ಮೇಲೆ ಹತ್ತಿದವರು ಏಣಿಯನ್ನು ಹಾಗೇ ಉಳಿಸುತ್ತಾರೆ. ಇದರ ಪಕ್ಕದಲ್ಲಿ 1927ರ ಮಾರ್ಚ್ 20ನ್ನು ಇಟ್ಟು ನೋಡಿ. ಅಂದು ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದ ಸಾವಿರಾರು ಜನ, ದಲಿತರನ್ನು ಹತ್ತಿರ ಸೇರಿಸದ ಚವದಾರ ಕೆರೆಗೆ ನಡೆದು ನೀರು ಕುಡಿದರು. ಮೇಲಿನವರ ಹಾಗೆ ಆಗುತ್ತೇವೆ ಅಂತ ಅವರು ಹೇಳಲಿಲ್ಲ. ಮೇಲು ಕೀಳು ಅನ್ನೋ ನಿಯಮಕ್ಕೇ ಕೈ ಹಾಕಿದರು. ಅದಕ್ಕೆ ಪೆಟ್ಟು ತಿಂದರು ಕೂಡ. ಈ ಎರಡು ಬಗೆಯ ಕರ್ತೃತ್ವವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತ ನನ್ನ ಖಚಿತ ಅಭಿಪ್ರಾಯ.

ಕರ್ತೃತ್ವ ಒಬ್ಬೊಬ್ಬರದ್ದಾ, ಗುಂಪಿನದ್ದಾ?

ಎರಡೂ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಡಲಿಲ್ಲ. ಆಯಾಸಗೊಂಡ ಒಬ್ಬ ಹೆಂಗಸಿನ ದಿಢೀರ್ ಧೈರ್ಯ ಅಂತ ಈ ಕತೆ ಹೇಳುವುದು ರೂಢಿ. ಆದರೆ ಅವರು ವರ್ಷಗಟ್ಟಲೆ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಕಾರ್ಯದರ್ಶಿಯಾಗಿ ದುಡಿದವರು. ಅದೇ ವರ್ಷ ಮಾರ್ಚ್‌ನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿಯೂ ಸೀಟು ಬಿಡದೆ ಬಂಧನಕ್ಕೆ ಒಳಗಾಗಿದ್ದಳು. ಆಗ ಬಸ್ಸುಗಳ ಬಹಿಷ್ಕಾರ ನಡೆಯಲಿಲ್ಲ. ಡಿಸೆಂಬರಿನಲ್ಲಿ ಜೋ ಆನ್ ರಾಬಿನ್ಸನ್ ಮತ್ತು ಅವರ ಮಹಿಳಾ ಸಂಘಟನೆ ಬಸ್ಸು ಹತ್ತಬೇಡಿ ಅಂತ ರಾತ್ರೋರಾತ್ರಿ ಸಾವಿರಾರು ಕರಪತ್ರ ತಯಾರು ಮಾಡಿತು. ಚರ್ಚುಗಳು ಜೊತೆ ಬಂದವು. ಕಾರು ಇದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. 381 ದಿನ ಕಪ್ಪು ಜನ ಬಸ್ಸು ಹತ್ತಲಿಲ್ಲ. ಕೂತಲ್ಲೇ ಕೂತಿದ್ದು ಒಬ್ಬರು, ಅದು ಚರಿತ್ರೆಯಾಗುವ ಹಾಗೆ ಮಾಡಿದ್ದು ಸಾವಿರಾರು ಜನ.

ವಸ್ತುಗಳಿಗೂ ಕರ್ತೃತ್ವ ಇದೆ ಅಂತಾರಲ್ಲ?

ಫ್ರಾನ್ಸಿನ ಚಿಂತಕ ಬ್ರೂನೊ ಲತೂರ್ ಮತ್ತು ಅವರ ಜೊತೆಗಾರರ ವಾದ ಅದು. ರಸ್ತೆಯ ಹಂಪ್ ಪೊಲೀಸಿಲ್ಲದೆಯೂ ಗಾಡಿಯ ವೇಗ ಇಳಿಸುತ್ತದೆ, ಹಾಗಾಗಿ ಅದೂ ಲೆಕ್ಕಕ್ಕೆ ಬರಬೇಕು ಎನ್ನುತ್ತಾರೆ. ವಸ್ತುಗಳನ್ನು ಗಮನಿಸಿ ಅನ್ನೋ ಸಲಹೆ ಒಳ್ಳೆಯದು. ಆದರೆ ಹಂಪ್‌ಗೆ ಪಶ್ಚಾತ್ತಾಪ ಇಲ್ಲ, ಜವಾಬ್ದಾರಿ ಇಲ್ಲ. ಮನುಷ್ಯರ ಕರ್ತೃತ್ವದ ಚರ್ಚೆಗೆ ಆ ಎರಡೂ ಬೇಕು.

ಕರ್ತೃತ್ವದ ಮಾತು ಕೊನೆಗೆ ಬಡವರ ಮೇಲೇ ಹೊಣೆ ಹೊರಿಸುವುದಿಲ್ಲವೇ?

ಹಾಗೆ ಬಳಸುವವರಿದ್ದಾರೆ, ಅದರ ಬಗ್ಗೆ ಎಚ್ಚರ ಬೇಕು. "ಮನಸ್ಸು ಮಾಡಿದರೆ ಯಾರು ಬೇಕಾದರೂ ಮೇಲೆ ಬರಬಹುದು" ಅನ್ನೋ ಮಾತು ಕೇಳಲು ಚೆನ್ನ. ಸಾಲದ ಗುಂಪಿನಲ್ಲಿ ಕಂತು ಕಟ್ಟಲಾಗದ ಹೆಂಗಸಿಗೆ ಅದೇ ಮಾತು ಬೈಗುಳ. ಉಲ್ಟಾ ತಪ್ಪೂ ಇದೆ. "ಪಾಪ, ಅವರಿಗೇನು ಗೊತ್ತು, ವ್ಯವಸ್ಥೆ ಹಾಗೆ" ಅಂತ ಅವರ ಬುದ್ಧಿಯನ್ನೇ ಅಳಿಸಿಹಾಕುವುದು.

ಅಮರ್ತ್ಯ ಸೇನ್ ಇಲ್ಲಿ ಸಹಾಯಕ್ಕೆ ಬರುತ್ತಾರೆ. ಹಸಿದು ಬಿದ್ದವನ ಹೊಟ್ಟೆಯೂ ಖಾಲಿ, ಉಪವಾಸ ಕೂತವನ ಹೊಟ್ಟೆಯೂ ಖಾಲಿ. ಆದರೆ ಉಪವಾಸ ಕೂತವನ ಮುಂದೆ ಊಟ ಮಾಡುವ ದಾರಿ ಇತ್ತು. ಹಾಗಾಗಿ ಒಬ್ಬರು ಏನು ಮಾಡಿದರು ಅಂತ ನೋಡಿದರೆ ಸಾಲದು, ಅವರ ಮುಂದೆ ಬೇರೆ ಏನೇನಿತ್ತು ಅಂತಲೂ ನೋಡಬೇಕು.

ಕರ್ತೃತ್ವವನ್ನು ಅಳೆಯಬಹುದಾ?

ಸ್ವಲ್ಪ ಮಟ್ಟಿಗೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಿಗೆ ಪ್ರಶ್ನೆಗಳಿರುತ್ತವೆ: ನಿಮ್ಮ ಆರೋಗ್ಯದ ಬಗ್ಗೆ ಯಾರು ತೀರ್ಮಾನ ಮಾಡುತ್ತಾರೆ, ಮನೆಯ ದೊಡ್ಡ ಖರೀದಿ ಯಾರದು, ತವರಿಗೆ ಹೋಗುವುದನ್ನು ಯಾರು ನಿರ್ಧರಿಸುತ್ತಾರೆ. ಉಪಯುಕ್ತ ಪ್ರಶ್ನೆಗಳೇ. ಆದರೆ ಗಂಡನ ಕೈಯಿಂದಲೇ ಹೇಳಿಸಿ ತನಗೆ ಬೇಕಾದ್ದು ಮಾಡಿಸಿಕೊಳ್ಳುವವಳು ಈ ಲೆಕ್ಕದಲ್ಲಿ ಕಾಣುವುದಿಲ್ಲ. ನೈಲಾ ಕಬೀರ್ 1999ರಲ್ಲಿ ಸಂಪನ್ಮೂಲ, ಕರ್ತೃತ್ವ, ಸಾಧನೆ ಮೂರನ್ನೂ ಒಟ್ಟಿಗೆ ನೋಡಬೇಕು ಎಂದದ್ದು ಇಂಥ ಕಾರಣಕ್ಕೇ.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ತವರಿಗೆ, ಆಸ್ಪತ್ರೆಗೆ, ಸಂತೆಗೆ ಹೋಗಲು ಬಸ್ಸಿನ ದುಡ್ಡನ್ನು ಮನೆಯವರ ಹತ್ತಿರ ಕೇಳಬೇಕಾಗಿದ್ದವಳಿಗೆ ಈಗ ಅದೊಂದು ಕೇಳಬೇಕಿಲ್ಲ. ಸಂಜೆ ಎಷ್ಟು ಹೊತ್ತಿಗೆ ವಾಪಸ್ ಬರಬೇಕು, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳು ಹಾಗೇ ಇವೆ. ಒಂದು ಸಂಪನ್ಮೂಲ ಬಂದಾಗ ಯಾವ ತಡೆ ಕರಗುತ್ತದೆ, ಯಾವುದು ಉಳಿಯುತ್ತದೆ ಅಂತ ಅಧ್ಯಯನ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಎಂ.ಎ. ವಿದ್ಯಾರ್ಥಿಗೆ ಬೇಕಾ?

ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದೇನೆ. ಜನರನ್ನು ಏನಂತ ಕೇಳಲಿ?

"ನಿಮಗೆ ಸ್ವಾತಂತ್ರ್ಯ ಇದೆಯಾ" ಅಂತ ಕೇಳಬೇಡಿ. ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ, ಕೊಡಲಾಗುವುದೂ ಇಲ್ಲ. ಒಂದು ನಿರ್ದಿಷ್ಟ ತೀರ್ಮಾನ ಹಿಡಿಯಿರಿ. ಮಗಳನ್ನು ಕಾಲೇಜಿಗೆ ಕಳಿಸಿದ್ದು, ಜಮೀನು ಮಾರಿದ್ದು, ಗಂಡನ ಮನೆ ಬಿಟ್ಟು ಬಂದದ್ದು. ಆ ಒಂದರ ಕತೆಯನ್ನು ಮೊದಲಿಂದ ಹೇಳಿಸಿ.

ಮುಸ್ತಫಾ ಎಮಿರ್‌ಬಾಯರ್ ಮತ್ತು ಆನ್ ಮಿಶ್ 1998ರಲ್ಲಿ ಕರ್ತೃತ್ವವನ್ನು ಕಾಲದ ಪ್ರಕಾರ ಮೂರಾಗಿ ಬಿಡಿಸಿದರು, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಂದಿನದು: ಇಂಥ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನು ಮಾಡುವುದು ರೂಢಿ? ಮುಂದಿನದು: ಏನಾಗಲಿ ಅಂತ ಮನಸ್ಸಿನಲ್ಲಿತ್ತು? ಆ ಹೊತ್ತಿನದು: ಎದುರಿಗಿದ್ದ ತೊಡಕನ್ನು ಹೇಗೆ ಸಂಭಾಳಿಸಿದಿರಿ? ಯಾರ ಹತ್ತಿರ ದುಡ್ಡು ಕೇಳಿದಿರಿ, ಯಾರಿಗೆ ಹೇಳದೆ ಮುಚ್ಚಿಟ್ಟಿರಿ ಅಂತ ಕೇಳಿ. ಬೇರೆ ಏನು ಮಾಡಬಹುದಿತ್ತು ಅನ್ನೋದನ್ನು ಕೊನೆಗೆ ಕೇಳಿ. "ಬೇರೆ ಏನೂ ಇರಲಿಲ್ಲ" ಅಂದರೆ ಅಲ್ಲಿಗೆ ಬಿಡಬೇಡಿ. ಅದೇ ಊರಿನಲ್ಲಿ ಅದೇ ಸ್ಥಿತಿಯಲ್ಲಿದ್ದ ಇನ್ನೊಬ್ಬರು ಏನು ಮಾಡಿದರು ಅಂತ ಕೇಳಿ, ಆಮೇಲೆ ಆ ಇನ್ನೊಬ್ಬರ ಮನೆಗೂ ಹೋಗಿ.